ಹೊತ್ತು ತರುವವರು ಯಾರು?

ಕೊಲರಾಡೊದಲ್ಲಿ ಬೇಟೆ ಎಂದರೆ ಮೊದಲು ಅರ್ಜಿ ಹಾಕುವ ಕೆಲಸ. 1972ರ ವನ್ಯಜೀವಿ ಕಾಯಿದೆಯ ನಂತರ ಜಿಂಕೆ ಹೊಡೆದವನು ಜೈಲಿಗೆ ಹೋಗುತ್ತಾನೆ ಎಂದು ಕೇಳುತ್ತಲೇ ಬೆಳೆದ ನನ್ನಂಥವನಿಗೆ ಇದು ವಿಚಿತ್ರ. ಇಲ್ಲಿ ಯಾವ ಪ್ರದೇಶಕ್ಕೆ ಎಷ್ಟು ಪರವಾನಗಿ ಎಂದು ಸರಕಾರವೇ ನಿಗದಿ ಮಾಡಿ, ಏಪ್ರಿಲ್ ಆರಂಭದೊಳಗೆ ಅರ್ಜಿ ಪಡೆದು ಲಾಟರಿ ಎತ್ತುತ್ತದೆ. ಬೇಟೆಯ ಪಾಠ ಓದಿ ಪಾಸಾದ ಸರ್ಟಿಫಿಕೇಟು ಬೇರೆ ಬೇಕು!

ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ ನನ್ನ ಮಗನ ಬಳಿ ಅದೂ ಇತ್ತು. ಸೆಪ್ಟೆಂಬರಿನಲ್ಲಿ ಸಾನ್ ಹ್ವಾನ್ ಪರ್ವತಗಳಲ್ಲಿ, ಬಿಲ್ಲು ಬಾಣ ಹಿಡಿದು ಮ್ಯೂಲ್ ಡೀರ್ ಬೇಟೆ. ಹೇಸರಗತ್ತೆಯ ಕಿವಿಯಂಥ ಕಿವಿಯ ಜಿಂಕೆ ಅದು. ಗೈಡ್ ಇಟ್ಟುಕೊಂಡರೆ ಸಾವಿರಾರು ಡಾಲರು. ಹಾಗಾಗಿ ಎಲ್ಲವೂ ಸ್ವಂತ ಯೋಜನೆ. "ಬೇಡ" ಎನ್ನುವುದು ಸುಲಭವಿತ್ತು. ಆದರೆ ಹತ್ತೊಂಬತ್ತರ ಹುಡುಗ ಅನುಮತಿ ಕೇಳಿದ್ದೇ ದೊಡ್ಡದು. "ಯೋಜನೆ ತೋರಿಸು, ಆಮೇಲೆ ಮಾತು" ಎಂದೆ.

ಊಟದ ಮೇಜಿನ ಮೇಲೆ ನಕ್ಷೆ ಹರಡಿದ. ಒಂದು ಅಂಗುಲಕ್ಕೆ 2,000 ಅಡಿ. ಸಮೋನ್ನತಿ ರೇಖೆಗಳ ನಡುವೆ 40 ಅಡಿ ಎತ್ತರದ ವ್ಯತ್ಯಾಸ. ರೇಖೆಗಳು ಒಂದಕ್ಕೊಂದು ಅಂಟಿಕೊಂಡಲ್ಲಿ ಬೆಟ್ಟ ಕಡಿದು. ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತದೆ, ಆಗ ಜಿಂಕೆಗಿಂತ ಮೇಲಿರಬೇಕು; ಸಂಜೆ ತಣ್ಣಗಾದೊಡನೆ ಗಾಳಿ ಕೆಳಗಿಳಿಯುತ್ತದೆ, ಆಗಲೂ ಮೇಲಿದ್ದರೆ ನಮ್ಮ ವಾಸನೆ ನೇರ ಅದರ ಮೂಗಿಗೆ. ಮರಗಳೇ ಇಲ್ಲದ ಬೋಳು ಎತ್ತರದಲ್ಲಿ ಮಧ್ಯಾಹ್ನ ಸಿಡಿಲಿನ ಭಯ, ಅಷ್ಟರೊಳಗೆ ಇಳಿದುಬಿಡಬೇಕು. ಪರೀಕ್ಷೆಗೆ ಇಷ್ಟು ಓದಿದ್ದನ್ನು ನಾನು ನೋಡಿರಲಿಲ್ಲ.

ನನಗೆ ಹಿಡಿಸಿದ್ದು ಕೋನದ ಲೆಕ್ಕ. 35 ಡಿಗ್ರಿ ಇಳಿಜಾರಿನಲ್ಲಿ ಕೆಳಗಿರುವ ಜಿಂಕೆ ಕಣ್ಣಳತೆಗೆ 40 ಗಜ. ಆದರೆ ಬಾಣ ಎಷ್ಟು ಬಾಗುತ್ತದೆ ಎನ್ನುವುದು ಸಮತಲದ ದೂರದ ಮೇಲೆ ನಿಂತಿದೆ. ಅದು 40ನ್ನು ಕೊಸೈನ್ 35ರಿಂದ ಗುಣಿಸಿದಷ್ಟು, ಅಂದರೆ ಸುಮಾರು 33 ಗಜ. ನಲವತ್ತೆಂದೇ ಗುರಿಯಿಟ್ಟರೆ ಬಾಣ ಮೇಲೆ ಹೋಗುತ್ತದೆ. ತಪ್ಪಿದರೆ ಪುಣ್ಯ, ತಾಗಿ, ಪ್ರಾಣಿ ಗಾಯದೊಂದಿಗೆ ಓಡಿ ಕಣಿವೆಯಲ್ಲಿ ಎಲ್ಲೋ ನರಳಿದರೆ? "ನಲವತ್ತು ಗಜ ಮೀರಿ ಬಾಣ ಬಿಡುವುದಿಲ್ಲ" ಎಂದು ಅವನೇ ಬರೆದುಕೊಂಡಿದ್ದ.

ಅಲ್ಲಿಯವರೆಗೆ ಸುಮ್ಮನಿದ್ದ ಅವನಮ್ಮ ಕೇಳಿದಳು: "ಸರಿ, ಹೊಡೆದೆ ಅಂತಿಟ್ಟುಕೋ. ಹೊತ್ತು ತರುವವರು ಯಾರು?"

ಮಾಂಸ ತಿನ್ನದವಳ ಈ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿರಲಿಲ್ಲ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲೇ ಬಿಟ್ಟು ಬರುವುದು ಇಲ್ಲಿ ಅಪರಾಧ. ಮೂಳೆ ಬಿಡಿಸಿದರೂ ದೊಡ್ಡ ಗಂಡಿನಲ್ಲಿ ಮೂವತ್ತು ಕಿಲೋದಷ್ಟು ಮಾಂಸ. ಜೊತೆಗೆ ಗುಡಾರ, ನೀರು, ಬಿಲ್ಲು. ಸೆಪ್ಟೆಂಬರಿನ ಬಿಸಿಲಿಗೆ ಅದು ಬೇಗ ಕೆಡುತ್ತದೆ. ಗಾಳಿಯಾಡುವ ಬಟ್ಟೆಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಹುಡುಗ ಪೆನ್ಸಿಲ್ ತೆಗೆದು ರಸ್ತೆಯಿಂದ ಮೂರು ಕಿಲೋಮೀಟರಿಗೆ ಗೆರೆ ಎಳೆದ. ಅವನಿಗೆ ಬಲು ಇಷ್ಟವಾಗಿದ್ದ ಕಣಿವೆ ಆಚೆಗೆ ಉಳಿಯಿತು. ಒಬ್ಬನೇ ಹೋಗುವ ಮಾತೂ ಅಲ್ಲಿಗೇ ಮುಗಿದು, ಗೆಳೆಯನೊಬ್ಬನ ಹೆಸರು ಸೇರಿತು.

ಲಾಟರಿಯಲ್ಲಿ ಪರವಾನಗಿ ಬಂತು, ಹೋದರು, ಐದು ದಿನ ಹತ್ತಿ ಇಳಿದರು. ಅರವತ್ತು ಗಜದಲ್ಲಿ ಒಂದು ಗಂಡು ಬಹಳ ಹೊತ್ತು ನಿಂತಿತ್ತಂತೆ. ಇವನು ಬಾಣ ಬಿಡಲಿಲ್ಲ. ಈ ವರ್ಷ ಮತ್ತೆ ಅರ್ಜಿ ಹಾಕಿದ್ದಾನೆ. ಹೊರುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ನನ್ನ ಮೊಣಕಾಲನ್ನು ಮಾತ್ರ ಯಾರೂ ಕೇಳಿಲ್ಲ.