ಸದ್ದಿಲ್ಲದೆ ತುಂಬಿದ್ದು

ಲಿನಕ್ಸ್ ಕರ್ನೆಲ್ಲಿನ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದಿದ್ದ. ಕಂಡುಹಿಡಿಯಲು ಅತಿ ಕಷ್ಟವಾದ ದೋಷ ಯಾವುದಪ್ಪಾ ಎಂದು ಕೇಳಿದೆ. "ಸ್ಟ್ಯಾಕ್ ತುಂಬಿ ಹರಿಯುವುದು ಸಾರ್" ಎಂದ.

ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ, ಮರಳಬೇಕಾದ ವಿಳಾಸವೂ ತಾತ್ಕಾಲಿಕ ಮೌಲ್ಯಗಳೂ ಸ್ಟ್ಯಾಕಿನಲ್ಲಿ ಸೇರುತ್ತಾ ಹೋಗುತ್ತವೆ. ಲಿನಕ್ಸಿನಲ್ಲಿ ಸಾಮಾನ್ಯ ಪ್ರೋಗ್ರಾಮಿಗೆ ವಾಡಿಕೆಯಾಗಿ 8 ಮೆಗಾಬೈಟ್ ಸ್ಥಳವುಂಟು. ಕರ್ನೆಲ್ಲಿಗೋ, 64 ಬಿಟ್‌ನ ಎಕ್ಸ್86 ಯಂತ್ರಗಳಲ್ಲಿ 2014ರವರೆಗೆ ಇದ್ದುದು 8 ಕಿಲೋಬೈಟ್ ಮಾತ್ರ. ಆ ವರ್ಷ 16ಕ್ಕೆ ಏರಿಸಿದರು. ಆದ್ದರಿಂದ ಕರ್ನೆಲ್ ಬರೆಯುವವರು ದೊಡ್ಡ ಅರೇಗಳನ್ನು ಸ್ಟ್ಯಾಕಿನಲ್ಲಿ ಇಡುವುದಿಲ್ಲ. ತನ್ನನ್ನೇ ತಾನು ಕರೆದುಕೊಳ್ಳುವ ಫಂಕ್ಷನ್ನುಗಳನ್ನು ಆದಷ್ಟೂ ದೂರವಿಡುತ್ತಾರೆ.

ಹಿಂದೆಲ್ಲ ತುಂಬಿದ ಸ್ಟ್ಯಾಕ್ ಸದ್ದಿಲ್ಲದೆ ಪಕ್ಕದ ಮೆಮೊರಿಯನ್ನು ಅಳಿಸಿಬಿಡುತ್ತಿತ್ತು. ಯಂತ್ರ ಕೆಡುತ್ತಿದ್ದುದು ಬೇರೆಲ್ಲೋ, ಎಷ್ಟೋ ಹೊತ್ತಿನ ಮೇಲೆ. 2016ರ ಡಿಸೆಂಬರಿನಲ್ಲಿ ಬಂದ 4.9ನೆಯ ಆವೃತ್ತಿಯಲ್ಲಿ, ಆಂಡಿ ಲುಟೊಮಿರ್ಸ್ಕಿಯವರ ಪರಿಶ್ರಮದಿಂದ, ಸ್ಟ್ಯಾಕಿನ ಅಂಚಿನಲ್ಲಿ ಖಾಲಿ ಕಾವಲುಪುಟವೊಂದನ್ನು ಇಡುವ ಏರ್ಪಾಡಾಯಿತು. ಸ್ಟ್ಯಾಕ್ ಅದನ್ನು ಮುಟ್ಟಿದೊಡನೆ ಕರ್ನೆಲ್ ದೋಷವನ್ನು ವರದಿ ಮಾಡುತ್ತದೆ. ಸ್ಥಳ ಹೆಚ್ಚಾಗಲಿಲ್ಲ, ತುಂಬಿದ್ದು ತಿಳಿಯುವಂತಾಯಿತು, ಅಷ್ಟೆ.

ಅವನು ಹೊರಟ ಮೇಲೆ ನನಗೆ ಬೇರೊಬ್ಬ ಹುಡುಗ ನೆನಪಾದ. ಬುದ್ಧಿವಂತನೆಂದು ಅವನಿಗೆ ಲೆಕ್ಕದ ಮೇಲೆ ಲೆಕ್ಕ ಕೊಡುತ್ತಿದ್ದೆ. ಮನೆಯಲ್ಲಿಯೂ ಅವನಿಗೆ ದುಡಿಮೆಯಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಒಂದು ದಿನವೂ 'ಸಾಕು' ಎನ್ನಲಿಲ್ಲ. ದಸರಾ ರಜೆಯ ಬಳಿಕ ಅವನು ಶಾಲೆಗೆ ಮರಳಲಿಲ್ಲ. ಮಾತಾಡದ ಹುಡುಗ ಸುಖವಾಗಿದ್ದಾನೆಂದೇ ನಾನು ನಂಬಿದ್ದೆ.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ಹೆಚ್ಚಿನ ಪಾಠ ಕೊಡುವ ಮುನ್ನ "ಭಾರವಾಯಿತೇ?" ಎಂದು ಒಮ್ಮೆ ಕೇಳಿ. ನಾನು ಕೇಳಿರಲಿಲ್ಲ.