ಸಂಪಗಾಂವ: ಒಂದು ಹೆಸರು, ಎರಡು ನಾಲಿಗೆ

ಬೈಲಹೊಂಗಲದ ಸುತ್ತಲಿನ ಎರೆಹೊಲಗಳ ನಡುವೆ ಸಂಪಗಾಂವ ಎಂಬ ಊರಿದೆ. ಹಳೆಯ ಮಸೀದಿಯೊಂದನ್ನು ಬಿಟ್ಟರೆ ಪ್ರವಾಸಿಗರನ್ನು ಕೈಬೀಸಿ ಕರೆಯುವಂಥದ್ದು ಇಲ್ಲಿ ಹೆಚ್ಚಿಲ್ಲ. ಆದರೆ ಊರಿನ ಹೆಸರೇ ನೋಡುವಂಥದ್ದು. ಕಾಗದಪತ್ರಗಳಲ್ಲಿ ಸಂಪಗಾಂವ, ಮಾತಿನಲ್ಲಿ ಸಂಪಗಾವಿ. ‘ಗಾಂವ ಅಂದರೆ ಮರಾಠಿಯಲ್ಲವೇ? ಹಾಗಾದರೆ ಊರು ಯಾರದು?’ ಎಂದು ಗಡಿ ಜಿಲ್ಲೆಯ ಯಾವ ಹುಡುಗನಾದರೂ ಕೇಳಬಹುದು. ತಂದೆತಾಯಿಗಳು ಹಾರಿಕೆಯ ಉತ್ತರ ಕೊಡಬಾರದ ಪ್ರಶ್ನೆ ಇದು.

ಈ ಊರಿಗೆ ಹಿಂದೊಮ್ಮೆ ದೊಡ್ಡ ಹೆಸರಿತ್ತು. ಇಂಗ್ಲಿಷರ ಕಾಲದಲ್ಲಿ ತಾಲೂಕಿಗೇ ಸಂಪಗಾಂವ ಎಂದು ಹೆಸರು. 1824ರಲ್ಲಿ ರಾಣಿ ಚನ್ನಮ್ಮ ಹೋರಾಡಿದ ಕಿತ್ತೂರು ಸಹ ಅದರೊಳಗೇ ಸೇರಿತ್ತು. 1830ರಲ್ಲಿ ಸಂಗೊಳ್ಳಿ ರಾಯಣ್ಣನ ಪಡೆ ಬೀಡಿಯ ಕಚೇರಿಯಂತೆ ಸಂಪಗಾಂವದ ಮೇಲೂ ದಾಳಿ ಮಾಡಿತು. ಮುಂದೆ ತಾಲೂಕಿನ ಹೆಸರು ಬೈಲಹೊಂಗಲಕ್ಕೆ ಹೋಯಿತು.

ಇನ್ನು ಹೆಸರಿನ ಮಾತು. ಸಂಸ್ಕೃತದ ‘ಗ್ರಾಮ’ ಪ್ರಾಕೃತದಲ್ಲಿ ಸವೆದು ಮರಾಠಿಯಲ್ಲಿ ‘ಗಾಂವ’ ಆಯಿತು, ಕನ್ನಡದಲ್ಲಿ ‘ಗಾವಿ’, ‘ಗಾವೆ’ ಆಯಿತು. ಮರಾಠಿ ನಾಡಿನಿಂದ ದೂರವಿರುವ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಹೆಸರಿನಲ್ಲೂ ಅದೇ ‘ಗಾವಿ’ ಇದೆ. ಹಾಗಿದ್ದರೆ ಇಲ್ಲಿ ‘ಗಾಂವ’ ನಿಂತದ್ದೇಕೆ? ಪೇಶ್ವೆಯರ ಕಾಲದಿಂದ ಈ ಭಾಗದ ದಫ್ತರ ನಡೆದದ್ದು ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ. ಅದನ್ನೇ ಕೇಳಿ ಇಂಗ್ಲಿಷರು ತಮ್ಮ ಅಕ್ಷರದಲ್ಲಿ ಬರೆದುಕೊಂಡರು. ಶಾಲೆಗಳಲ್ಲೂ ಮರಾಠಿಯೇ ಮುಂದಿದ್ದ ಕಾಲ ಅದು. ಡೆಪ್ಯುಟಿ ಚನ್ನಬಸಪ್ಪನವರಂಥವರು ದುಡಿದ ಮೇಲೆ ಕನ್ನಡ ಶಾಲೆಗಳು ಬೆಳೆದವು. ಊರಿನವರ ನಾಲಿಗೆ ಬದಲಾಗಿರಲಿಲ್ಲ; ಬರೆಯುವ ಕೈ ಮಾತ್ರ ಬೇರೆಯಾಗಿತ್ತು.

ಇಂಥ ಕತೆ ಬೆಳಗಾವಿ ಸೀಮೆಯದಷ್ಟೇ ಅಲ್ಲ. ದೂರದ ಚೀನಾದ ದಕ್ಷಿಣ ತುದಿಯಲ್ಲಿ ಒಂದು ಸಣ್ಣ ಹೊಳೆ ಇದೆ. 1898ರಲ್ಲಿ ಬ್ರಿಟಿಷರು ಹಾಂಗ್‌ಕಾಂಗಿಗೆ ತಾಗಿದ ಭೂಮಿಯನ್ನು 99 ವರ್ಷಗಳ ಗೇಣಿಗೆ ಪಡೆದಾಗ ಆ ಹೊಳೆಯೇ ಗಡಿಯಾಯಿತು. ಅಲ್ಲಿಯವರೆಗೆ ಎರಡೂ ದಂಡೆಯ ಹಳ್ಳಿಗಳು ಒಂದೇ ಜಿಲ್ಲೆಯವು. ಈಚೆ ದಂಡೆಯ ರೈಲು ನಿಲ್ದಾಣದ ಹೆಸರು ಅಲ್ಲಿನ ಕ್ಯಾಂಟನೀಸ್ ಉಚ್ಚಾರದಂತೆ ‘ಲೋ ವೂ’. ಹೊಳೆ ದಾಟಿದರೆ ಅದೇ ಹೆಸರು ರಾಜಭಾಷೆ ಮ್ಯಾಂಡರಿನ್‌ನಲ್ಲಿ ‘ಲುವೊಹು’. ‘ಶಾಮ್ ಚುನ್’ ಹೊಳೆಯ ಹೆಸರೇ ಆಚೆ ದಂಡೆಯ ಮಹಾನಗರದಲ್ಲಿ ‘ಶೆನ್‌ಝೆನ್’ ಎನಿಸಿದೆ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದರೂ ಎರಡು ಉಚ್ಚಾರಗಳೂ ಉಳಿದಿವೆ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 2014ರ ಅದೇ ದಿನ ಬೆಳಗಾಂ ಎಂಬ ಹೆಸರು ಸರಕಾರಿ ದಾಖಲೆಗಳಲ್ಲೂ ಬೆಳಗಾವಿ ಆಯಿತು. ಹೆಸರು ತಿದ್ದಿಕೊಳ್ಳುವುದು ಊರಿನ ಹಕ್ಕು. ಆದರೆ ಹೆಸರಿನ ಕೊನೆಯ ಎರಡಕ್ಷರ ಹಿಡಿದು ನೆರೆಯವನನ್ನು ಹೊರಗಿನವನೆಂದರೆ ಆ ಹಕ್ಕಿಗೆ ಮರ್ಯಾದೆ ಬರದು. ಸಂಪಗಾಂವವೋ ಸಂಪಗಾವಿಯೋ ಎಂದು ಕೇಳುವ ಹುಡುಗನಿಗೆ ಎರಡೂ ಹೌದೆಂದು ಹೇಳಿ, ಎರಡಾದದ್ದು ಹೇಗೆಂದು ವಿವರಿಸಿದರೆ, ಅವನು ತನ್ನೂರಿನ ಇನ್ನೂರು ವರ್ಷಗಳ ಚರಿತ್ರೆಯನ್ನು ಒಂದೇ ಶಬ್ದದಲ್ಲಿ ಓದಬಲ್ಲ.