ಕೋಡಂಗಿಯ ಕೋಟೆ

ಅಂಡಮಾನಿನ ರಾಜಧಾನಿಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ನಾಮಕರಣವಾಯಿತು. ಆದರೂ ಪೋರ್ಟ್ ಬ್ಲೇರ್ ಎಂಬ ಹಳೆಯ ಹೆಸರು ಜನರ ನಾಲಗೆಯಿಂದ ಅಷ್ಟು ಸುಲಭವಾಗಿ ಇಳಿಯುವಂತೆ ತೋರುವುದಿಲ್ಲ. ಅಲ್ಲಿಂದ ವಂಡೂರಿಗೆ ಹೋಗುವ ರಸ್ತೆಯು ಅಡಕೆಯ ತೋಟಗಳ ನಡುವೆ ಏರುತ್ತ ಇಳಿಯುತ್ತ ಸಾಗುವಾಗ ಮಲೆನಾಡಿನವರಿಗೆ ತಮ್ಮೂರಿನ ನೆನಪಾಗದಿರದು. ಸಿಪ್ಪಿಘಾಟಿನ ಬಳಿಗೆ ಬಂದೊಡನೆ ಆ ಭ್ರಮೆ ಹರಿಯುತ್ತದೆ. 2004ರ ಡಿಸೆಂಬರಿನ ಭೂಕಂಪದಲ್ಲಿ ಅಲ್ಲಿನ ನೆಲವು ಕುಸಿದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಪೈರು ನಿಲ್ಲುತ್ತಿದ್ದಲ್ಲಿ ಹಿನ್ನೀರು ನಿಂತಿತು.

ವಂಡೂರಿನಿಂದಾಚೆಗೆ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ. 1983ರಲ್ಲಿ ಸ್ಥಾಪಿತವಾದ ಇದು 15 ದ್ವೀಪಗಳನ್ನೂ ಅವುಗಳ ನಡುವಣ ಕಡಲನ್ನೂ ಒಳಗೊಂಡು ಸುಮಾರು 281 ಚದರ ಕಿಲೋಮೀಟರು ಹಬ್ಬಿದೆ. ಪ್ರವಾಸಿಗಳ ಕಣ್ಣೆಲ್ಲ ಜಾಲಿ ಬಾಯ್ ಎಂಬ ಪುಟ್ಟ ದ್ವೀಪದ ಮೇಲೆ. ಅಲ್ಲಿಗೆ ಪ್ಲಾಸ್ಟಿಕ್ ಕೊಂಡೊಯ್ಯುವಂತಿಲ್ಲ. ಕೆಲವು ವರ್ಷಗಳ ಹಿಂದೆ ಬಸವನಗುಡಿಯಿಂದ ಹೋಗಿದ್ದ ಕುಟುಂಬವೊಂದರ ಗೃಹಿಣಿಯು ಚಕ್ಕುಲಿಯನ್ನೆಲ್ಲ ಚೀಲದಿಂದ ತೆಗೆದು ಯಜಮಾನರ ಹೊಸ ಅಂಗವಸ್ತ್ರದಲ್ಲಿ ಕಟ್ಟಿಕೊಳ್ಳಬೇಕಾಯಿತು. ಯಜಮಾನರ ಮುಖ ಸಣ್ಣದಾಯಿತಾದರೂ ನಿಯಮವು ಒಳ್ಳೆಯದೇ.

ದೋಣಿಯು ಕಾಂಡ್ಲ ಮರಗಳ ಸಾಲನ್ನು ದಾಟಿ ತೆರೆದ ಕಡಲಿಗೆ ಬಂದಾಗ ನೀರಿನ ಬಣ್ಣ ಹಸುರಿನಿಂದ ನೀಲಿಗೆ ತಿರುಗಿತು. ದ್ವೀಪದ ಹತ್ತಿರ ಎಲ್ಲರೂ ಗಾಜಿನ ತಳವುಳ್ಳ ಚಿಕ್ಕ ದೋಣಿಗೆ ಇಳಿದರು. ಕಾಲಬುಡದಲ್ಲೇ ಹವಳದ ದಿಬ್ಬಗಳು! ಚಿತ್ರಗಳಲ್ಲಿ ಕಂಡ ಬಣ್ಣವನ್ನೇ ಅರಸುವವರಿಗೆ ಕೊಂಚ ನಿರಾಶೆಯಾಗಬಹುದು. 2010ರ ಬೇಸಗೆಯಲ್ಲಿ ಅಂಡಮಾನಿನ ಕಡಲು ಅಳತೆ ಮೀರಿ ಕಾದು ಹವಳಗಳು ಬೆಳ್ಳಗೆ ಬಿಳಿಚಿಹೋಗಿದ್ದುವು. ಅನೇಕ ಕಡೆ ಉಳಿದದ್ದು ಬೂದುಬಣ್ಣದ ಕಲ್ಲಿನ ರಾಶಿಯೇ. ಅಂಥ ರಾಶಿಯ ನಡುವೆ ಬೆರಳುಗಳ ಗೊಂಚಲಿನಂತೆ ತೂಗುತ್ತಿದ್ದ ಕಡಲಹೂವೊಂದರಿಂದ ಕಿತ್ತಳೆ ಬಣ್ಣದ ಮೀನೊಂದು ಇಣುಕಿತು. ಮೈಮೇಲೆ ಮೂರು ಬಿಳಿಯ ಪಟ್ಟೆ. ಪಟ್ಟೆಯಂಚಿಗೆ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ಇಂಗ್ಲಿಷಿನವರು ಅದನ್ನು ಕ್ಲೌನ್ ಮೀನೆಂದರು. ನಮ್ಮ ಭಾಷೆಯಲ್ಲಿ ಕೋಡಂಗಿ ಮೀನೆನ್ನೋಣ.

ಹತ್ತು ವರ್ಷದ ಮಗಳು ಒಮ್ಮೆಲೆ ಕೇಳಿದಳು: “ಅಪ್ಪಾ, ಇದನ್ನು ಮನೆಗೆ ತೆಗೆದುಕೊಂಡು ಹೋಗೋಣವೆ?”

ದೋಣಿಯವನು ನಕ್ಕು, ಇಲ್ಲಿಂದ ಒಂದು ಕಲ್ಲನ್ನೂ ಒಯ್ಯುವಂತಿಲ್ಲವೆಂದೂ, ನೋಡಲು ಗೊಂಬೆಯಂತಿದ್ದರೂ ಈ ಮೀನು ತನ್ನ ಮನೆಯ ಬಳಿಗೆ ಬಂದ ಕೈಯನ್ನು ಕಚ್ಚುವುದೆಂದೂ ಹಿಂದಿಯಲ್ಲಿ ಹೇಳಿದನು. ಮೊದಲನೆಯ ಮಾತು ಸರ್ಕಾರದ ಕಾನೂನು: ಹವಳವು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿ ಸೇರಿದೆ. ಎರಡನೆಯದು ಮೀನಿನ ಕಾನೂನು. ಮೊದಲನೆಯದನ್ನು ಕುಟುಂಬವು ಪಾಲಿಸಿತು; ಎರಡನೆಯದನ್ನು ಮರೆಯಿತು.

ಬಸವನಗುಡಿಯ ನಡುಮನೆಯಲ್ಲಿ ಮೂರಡಿಯ ಗಾಜಿನ ತೊಟ್ಟಿ ಬಂದು ಕುಳಿತಿತು. ಕಡಲಿನಿಂದ ನೂರಾರು ಮೈಲು ದೂರದ ಊರಿನಲ್ಲಿ ಕಡಲನ್ನು ಕಲಸಿಯೇ ಮಾಡಿಕೊಳ್ಳಬೇಕಷ್ಟೆ. ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ, ಅಡಿಗೆಯ ಉಪ್ಪನ್ನಲ್ಲ, ಅದಕ್ಕೆಂದೇ ಮಾರುವ ಕಡಲುಪ್ಪಿನ ಮಿಶ್ರಣವನ್ನು ಬೆರೆಸಿದರು. ನೀರು ಆರಿದಾಗ ಉಪ್ಪು ತೊಟ್ಟಿಯಲ್ಲೇ ಉಳಿಯುವುದರಿಂದ ದಿನವೂ ಮೇಲಕ್ಕೆ ಸೇರಿಸಬೇಕಾದದ್ದು ಸಿಹಿನೀರು. ಈ ಲೆಕ್ಕ ಗೃಹಿಣಿಗೆ ಬೇಗ ಹತ್ತಿತು, ಯಜಮಾನರಿಗೆ ತಡವಾಗಿ. ಮೀನಿನ ಕಶ್ಮಲವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲೆಂದು ಆರು ವಾರ ತೊಟ್ಟಿಯನ್ನು ಬರಿದೇ ಓಡಿಸಿದರು. ನೆಂಟರಿಷ್ಟರು ಬಂದು ನೀರನ್ನೇ ನೋಡಿ ಹೋದರು.

ಈಗ ಈ ಮೀನನ್ನು ಕಡಲಿನಿಂದ ಹಿಡಿದೇ ತರಬೇಕೆಂದಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯವರು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ರೂಢಿಗೆ ತಂದಿದ್ದಾರೆ. ಅಂಥದೊಂದು ಮೀನು ಬಂತು. ತೊಟ್ಟಿಯ ಎಡಮೂಲೆಯ ಕಲ್ಲಿನ ಸಂದಿಯನ್ನು ತನ್ನದೆಂದಿತು. ಹದಿನೈದು ದಿನದ ಮೇಲೆ, ಒಂಟಿಯಾಗಿದೆಯೆಂಬ ಮರುಕದಿಂದ, ಅದೇ ಗಾತ್ರದ ಅದೇ ಚೆಲುವಿನ ಇನ್ನೊಂದನ್ನು ತಂದು ಬಿಟ್ಟರು. ಮರುಕವು ಇಷ್ಟು ಕ್ರೂರವಾದೀತೆಂದು ಯಾರೂ ಎಣಿಸಿರಲಿಲ್ಲ. ಹಳೆಯದು ಬಾಣದಂತೆ ಬಂದು ಹೊಸತನ್ನು ಅಟ್ಟಿತು. ಓಡುವುದಾದರೂ ಎಲ್ಲಿಗೆ? ಮೂರಡಿಗೆ ಗಾಜು. ಹೊಸ ಮೀನು ಮೇಲ್ಮೂಲೆಯಲ್ಲಿ ಓರೆಯಾಗಿ ನಿಂತಿತು. ಬಾಲದ ರೆಕ್ಕೆ ಹರಿದು ದಾರದಂತಾಯಿತು. ನಾಲ್ಕನೆಯ ಬೆಳಿಗ್ಗೆ ಅದು ತಳದ ಮರಳಿನ ಮೇಲೆ ಬಿದ್ದಿತ್ತು. ಮಗಳು ಆ ದಿನ ಶಾಲೆಗೆ ಹೋಗಲಿಲ್ಲ.

“ರೀ, ಈ ಕೊಲೆಗಡುಕನನ್ನು ಅಂಗಡಿಗೇ ಕೊಟ್ಟುಬಿಡಿ” ಎಂದಳು ಗೃಹಿಣಿ. ಯಜಮಾನರು ಓದಲು ಕುಳಿತದ್ದು ಅಂದು. ಮೊದಲೇ ಕುಳಿತಿದ್ದರೆ ಒಂದು ಜೀವ ಉಳಿಯುತ್ತಿತ್ತು.

ಕೋಡಂಗಿ ಮೀನಿಗೆ ಕಡಲೆಂದರೆ ಅಪಾರವಾದ ಕಡಲಲ್ಲ. ಒಂದು ಕಡಲಹೂವಿನ ಅಳತೆಯ ನೆಲ. ಆ ಹೂವಿನ ಎಸಳುಗಳು ಇತರ ಮೀನುಗಳನ್ನು ಕುಟುಕುತ್ತವೆ, ಇದನ್ನು ಕುಟುಕವು. ಹೂವನ್ನು ಬಿಟ್ಟು ಹೊರಟರೆ ದೊಡ್ಡ ಮೀನಿನ ಬಾಯಿ ಕಾದಿದೆ. ಆದುದರಿಂದ ಆ ಚೂರು ನೆಲದಲ್ಲೇ ಒಂದು ಸಂಸಾರ, ಒಂದು ಶ್ರೇಣಿ. ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಗಂಡು. ಉಳಿದವು ಸರದಿ ಕಾಯುವ ಕಿರಿಯವು. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ, ಮುಂದಿನದು ಗಂಡಿನ ಪಟ್ಟಕ್ಕೇರುತ್ತದೆ. ಪೀಟರ್ ಬಸ್ಟನ್ ಎಂಬ ವಿಜ್ಞಾನಿಯು ಪಪುವಾ ನ್ಯೂಗಿನಿಯ ಮಡಾಂಗ್ ಹಿನ್ನೀರಿನಲ್ಲಿ ಇವುಗಳ ಹತ್ತಿರದ ಬಂಧುವನ್ನು ಅಳೆದು ನೋಡಿ 2003ರಲ್ಲಿ ಪ್ರಕಟಿಸಿದ ಸಂಗತಿ ವಿಸ್ಮಯಕರ: ಕಿರಿಯ ಮೀನು ಮೇಲಿನದಕ್ಕೆ ಸರಿಗಟ್ಟದಂತೆ ತನ್ನ ಬೆಳವಣಿಗೆಯನ್ನೇ ತಡೆದುಕೊಳ್ಳುತ್ತದೆ. ಸಮಾನ ಗಾತ್ರವೆಂದರೆ ಪಟ್ಟಕ್ಕೆ ಸವಾಲು. ಚೆಲುವಾದ ಜೋಡಿಯೆಂದು ಆರಿಸಿ ತಂದ ಯಜಮಾನರು ಗೆಳೆಯನನ್ನಲ್ಲ, ದಾಯಾದಿಯನ್ನೇ ತಂದಿದ್ದರು.

ತನ್ನ ಜಾತಿಯ ಮೇಲೆಯೇ ಅದಕ್ಕೆ ಹೆಚ್ಚಿನ ಸಿಟ್ಟು. ಜಪಾನಿನ ಓಕಿನಾವದ ಸಂಶೋಧಕರು ಮೀನಿನ ಬೊಂಬೆಗಳಿಗೆ ಬೇರೆ ಬೇರೆ ಸಂಖ್ಯೆಯ ಪಟ್ಟೆ ಬಳಿದು ಇಳಿಬಿಟ್ಟರು. ಪಟ್ಟೆಯಿಲ್ಲದುದನ್ನೂ ಒಂದೇ ಪಟ್ಟೆಯದನ್ನೂ ಅಷ್ಟಾಗಿ ಲೆಕ್ಕಿಸದ ಮರಿಗಳು ತಮ್ಮಂತೆಯೇ ಮೂರು ಪಟ್ಟೆಯುಳ್ಳ ಬೊಂಬೆಯ ಮೇಲೆ ಬಹಳ ಎರಗಿದುವು. ಈ ವರದಿ ಪ್ರಕಟವಾದದ್ದು 2024ರಲ್ಲಿ.

ಮುಂದಿನ ಸಲ ಯಜಮಾನರು ಗಾತ್ರದಲ್ಲಿ ಅರ್ಧದಷ್ಟೇ ಇದ್ದ ಮರಿಯನ್ನು ತಂದರು. ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಹಳೆಯ ಗಡಿಗಳನ್ನು ಅಳಿಸಿದರು. ತೂತುಗಳುಳ್ಳ ಪಾರದರ್ಶಕ ಪೆಟ್ಟಿಗೆಯಲ್ಲಿ ಮರಿಯನ್ನಿಟ್ಟು ಅದನ್ನು ತೊಟ್ಟಿಯಲ್ಲಿ ತೂಗಿಬಿಟ್ಟರು. ಮೊದಲೆರಡು ದಿನ ದೊಡ್ಡದು ಪೆಟ್ಟಿಗೆಗೆ ಮೂತಿ ಹೊಡೆಯಿತು. ಹತ್ತನೆಯ ದಿನ ಪೆಟ್ಟಿಗೆ ತೆರೆಯಿತು. ಮತ್ತೆ ಅಟ್ಟಾಟ! ಆಗ ಮರಿಯು ಮಗ್ಗುಲಾಗಿ ವಾಲಿ ಮೈಯೆಲ್ಲ ಗಡಗಡನೆ ನಡುಗತೊಡಗಿತು. ರೋಗವೇ ಬಂತೆಂದು ಮಗಳು ಅತ್ತಳು. ಆದರೆ ದೊಡ್ಡದು ಥಟ್ಟನೆ ನಿಂತಿತು, ಹತ್ತಿರ ಬಂದು ಸುಳಿಯಿತು, ತಿರುಗಿ ಹೋಯಿತು. ಆ ನಡುಕವು ರೋಗವಲ್ಲ, ಶರಣಾಗತಿ. ಹಿರಿಯರ ಮುಂದೆ ಬಗ್ಗುವಂತೆ. ಆ ರಾತ್ರಿ ಎರಡೂ ಒಂದೇ ಸಂದಿಯಲ್ಲಿ ಮಲಗಿದುವು.

ಎಲ್ಲ ಕೋಡಂಗಿಗಳೂ ಇಷ್ಟಕ್ಕೆ ಸಮಾಧಾನ ಹೊಂದುವುದಿಲ್ಲ. ಅಂಡಮಾನಿನ ಕಡಲಿನಲ್ಲೇ ಕೆಂಪು ಮೈಯ, ಬೆನ್ನ ಮೇಲೆ ಕರಿಯ ಮಚ್ಚೆಯ ಇನ್ನೊಂದು ಬಗೆಯುಂಟು. ಅದು ಮತ್ತಷ್ಟು ಮುಂಗೋಪಿ. ಕೆನ್ನೆಯಲ್ಲಿ ಮುಳ್ಳುಳ್ಳ ಕಡುಗೆಂಪಿನ ಬಗೆಯಂತೂ ತೊಟ್ಟಿಯನ್ನಿಡೀ ತನ್ನದೆನ್ನುತ್ತದೆ. ಅಂಗಡಿಯಲ್ಲಿ ಬೆರಳುದ್ದದ ಮರಿಯನ್ನು ಕಂಡು ಮರುಳಾಗುವವರು ಇದನ್ನು ನೆನೆಯುವುದು ಲೇಸು.

ಎರಡು ವರ್ಷದ ತರುವಾಯ ಒಂದು ಸಂಜೆ ಕಲ್ಲಿನ ಮೇಲೆ ಕಿತ್ತಳೆ ಬಣ್ಣದ ಸಣ್ಣ ಮೊಟ್ಟೆಗಳು ಕಂಡುವು. ಗಂಡು ರೆಕ್ಕೆಯಿಂದ ಬೀಸುತ್ತ ಬಾಯಿಂದ ಸವರುತ್ತ ಅಲ್ಲೇ ನಿಂತಿತು. ಪಾಚಿ ಒರೆಸಲು ಕೈಯಿಳಿಸಿದ ಗೃಹಿಣಿಯ ಬೆರಳನ್ನು ಹೆಣ್ಣು ಬಂದು ಕಚ್ಚಿತು. ದೋಣಿಯವನ ಮಾತು ಆಕೆಗೆ ಆಗ ನೆನಪಾಯಿತು. ನೋವಿಗಿಂತ ಬೆರಗೇ ಹೆಚ್ಚು. ಮೊಟ್ಟೆಗಳು ಒಡೆಯುವವರೆಗೆ ಆಕೆ ಮತ್ತೆ ಆ ಕಡೆಗೆ ಕೈಹಾಕಲಿಲ್ಲ. ಬಂದವರು ಕೇಳಿದರೂ ಸರಿಯೆ, ತೊಟ್ಟಿಯ ಎಡಗಡೆಯ ಗಾಜು ಆ ವಾರವೆಲ್ಲ ಹಸುರು ಪಾಚಿ ಹಿಡಿದೇ ಇತ್ತು.